ಗೋದಾಮಿನ ಕಂಬಗಳೊಳಗಿನ ತುಕ್ಕು: ಹಾಫ್ ಸೆಲ್ ವರದಿಯ ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ (ಇಂಡಿ ತಾಲ್ಲೂಕಿನಿಂದ, ಸಹಕಾರಿ ಸಂಘದ ನಿರ್ದೇಶಕ)

ಎಲ್ಲರಿಗೂ ನಮಸ್ಕಾರ. ನಾನು ಲಿಂಬೆ ಬೆಳೆಗಾರ, ಎಂಜಿನಿಯರ್ ಅಲ್ಲ. ನಮ್ಮೂರಿನ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿ ಇರುವುದರಿಂದ ಈ ವಿಷಯ ನನ್ನ ಹೆಗಲಿಗೆ ಬಂದಿದೆ. ಸಂಘಕ್ಕೆ 1994ರಲ್ಲಿ ಕಟ್ಟಿದ ಒಂದು ಗೋದಾಮಿದೆ. 24 ಕಂಬಗಳು, ಪ್ರತಿಯೊಂದೂ 9 ಇಂಚು ಅಗಲ, 12 ಇಂಚು ಉದ್ದ, ಸುಮಾರು 12 ಅಡಿ ಎತ್ತರ. ಮೇಲೆ ಆರ್‌ಸಿಸಿ ಸ್ಲ್ಯಾಬ್. ದಕ್ಷಿಣದ ಅರ್ಧದಲ್ಲಿ ಜೋಳ, ತೊಗರಿ, ಕಡಲೆಯ ಚೀಲಗಳನ್ನೂ ಉತ್ತರದ ಅರ್ಧದಲ್ಲಿ ರಸಗೊಬ್ಬರವನ್ನೂ ಇಡುತ್ತೇವೆ. ಎರಡು ವರ್ಷಗಳಿಂದ ಉತ್ತರ ಭಾಗದ ಕೆಲವು ಕಂಬಗಳ ಮೂಲೆಗುಂಟ ಉದ್ದುದ್ದನೆಯ ಬಿರುಕುಗಳು ಮೂಡಿವೆ. ಒಂದು ಕಂಬದಲ್ಲಿ ಗಿಲಾಯ (ಪ್ಲಾಸ್ಟರ್) ಕಳಚಿ ಬಿದ್ದು, ಒಳಗಿನಿಂದ ಕೆಂಪು ನೀರು ಇಳಿದ ಕಲೆ ಕಾಣುತ್ತಿದೆ.

ಕಳೆದ ಏಪ್ರಿಲ್‌ನಲ್ಲಿ ಒಂದು ಪರೀಕ್ಷಾ ಸಂಸ್ಥೆಯವರನ್ನು ಕರೆಸಿ ‘ಹಾಫ್ ಸೆಲ್’ ಪರೀಕ್ಷೆ ಮಾಡಿಸಿದೆವು. ಪ್ರತಿ ಕಂಬದಲ್ಲಿ ನೆಲದಿಂದ 1 ಅಡಿ, 3 ಅಡಿ ಮತ್ತು 6 ಅಡಿ ಎತ್ತರದಲ್ಲಿ ಅಳತೆ ತೆಗೆದಿದ್ದಾರೆ. ಹದಿನೇಳು ಕಂಬಗಳಲ್ಲಿ −150ರಿಂದ −230 ಮಿಲಿವೋಲ್ಟ್ ಬಂದಿದೆ. ಉತ್ತರದ ಏಳು ಕಂಬಗಳಲ್ಲಿ −270ರಿಂದ −390. ವರದಿಯ ಕೊನೆಯಲ್ಲಿ ‘ತುಕ್ಕಿನ ಸಂಭವ ಅನಿಶ್ಚಿತದಿಂದ ಅಧಿಕ’ ಎಂಬ ಒಂದು ಸಾಲು ಬಿಟ್ಟರೆ ಬೇರೆ ವಿವರಣೆ ಇಲ್ಲ. ಇದನ್ನು ನೋಡಿದ ಒಬ್ಬ ಗುತ್ತಿಗೆದಾರರು ಇಡೀ ಗೋದಾಮನ್ನು ಕೆಡವಿ ಕಟ್ಟಬೇಕು ಎಂದರು. ಇನ್ನೊಬ್ಬರು ಬಿರುಕು ತುಂಬಿ ಹೊಸ ಗಿಲಾಯ ಮಾಡಿದರೆ ಸಾಕು ಎಂದರು. ಇಬ್ಬರೂ ಅದೇ ವರದಿಯನ್ನು ತೋರಿಸಿಯೇ ಮಾತನಾಡಿದರು. ಕಟ್ಟುವಾಗ ಬಳಸಿದ್ದು ಪಕ್ಕದ ಬೋರ್‌ವೆಲ್‌ನ ಸವುಳು ನೀರು, ಅದರಿಂದಲೇ ಹೀಗಾಯಿತು ಎಂದು ಹಿರಿಯ ಸದಸ್ಯರು ಹೇಳುತ್ತಾರೆ.

ನನ್ನ ಪ್ರಶ್ನೆ ಇಷ್ಟು: ಈ ಮಿಲಿವೋಲ್ಟ್ ಅಂಕಿಗಳು ನಿಜವಾಗಿ ಏನನ್ನು ಅಳೆಯುತ್ತವೆ? ಒಳಗಿನ ಸಳಿ (ಕಬ್ಬಿಣದ ಸರಳು) ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂಬುದು ಇದರಿಂದ ತಿಳಿಯುತ್ತದೆಯೇ? ರೈತರ ದುಡ್ಡಿನಿಂದ ನಡೆಯುವ ಸಂಘವಾದ್ದರಿಂದ ಅರಿಯದೆ ಖರ್ಚು ಮಾಡಲೂ ಆಗದು, ಅರಿಯದೆ ಸುಮ್ಮನಿರಲೂ ಆಗದು.

ಉತ್ತರ 1 (ಬೆಳಗಾವಿ, ಸ್ಟ್ರಕ್ಚರಲ್ ಎಂಜಿನಿಯರ್)

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಗೊಂದಲವೆಲ್ಲ ಅಲ್ಲಿಯೇ ಇದೆ. ಇಲ್ಲ, ತಿಳಿಯುವುದಿಲ್ಲ. ಹಾಫ್ ಸೆಲ್ ಪರೀಕ್ಷೆಯು ಸಳಿ ಎಷ್ಟು ಸವೆದಿದೆ ಎಂದಾಗಲಿ, ಎಷ್ಟು ವೇಗದಲ್ಲಿ ಸವೆಯುತ್ತಿದೆ ಎಂದಾಗಲಿ ಹೇಳುವುದಿಲ್ಲ. ಅಳತೆ ತೆಗೆದ ಆ ಗಳಿಗೆಯಲ್ಲಿ ಆ ಜಾಗದ ಸಳಿಯ ಮೇಲೆ ತುಕ್ಕಿನ ಕ್ರಿಯೆ ನಡೆಯುತ್ತಿರುವ ಸಂಭವ ಎಷ್ಟು ಎಂಬುದನ್ನು ಮಾತ್ರ ಸೂಚಿಸುತ್ತದೆ. ಕೆಡವಿರಿ ಎಂದವರೂ ಗಿಲಾಯ ಸಾಕು ಎಂದವರೂ ಆ ವರದಿಯಲ್ಲಿ ಇಲ್ಲದ ಮಾತನ್ನು ಅದರ ಬಾಯಿಂದ ಆಡಿಸಿದ್ದಾರೆ.

ಒಳ್ಳೆಯ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿರುವ ನೀರು ಬಹಳ ಕ್ಷಾರೀಯ. ಅದರ ಪಿಎಚ್ ಮೌಲ್ಯ 12.5ಕ್ಕಿಂತ ಮೇಲಿರುತ್ತದೆ. ಆ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ಸಳಿಯನ್ನು ದಶಕಗಳ ಕಾಲ ಕಾಯುತ್ತದೆ. ಪೊರೆ ಕೆಡುವುದು ಮುಖ್ಯವಾಗಿ ಎರಡು ಕಾರಣಗಳಿಂದ. ಗಾಳಿಯ ಇಂಗಾಲದ ಡೈಆಕ್ಸೈಡ್ ಮೆಲ್ಲಮೆಲ್ಲನೆ ಒಳನುಗ್ಗಿ ಕ್ಷಾರವನ್ನು ತಗ್ಗಿಸುವುದು ಒಂದು, ಕ್ಲೋರೈಡ್ ಅಂದರೆ ಉಪ್ಪಿನಂಶ ಸಳಿಯವರೆಗೆ ತಲುಪುವುದು ಇನ್ನೊಂದು. ಪೊರೆ ಹರಿದ ಜಾಗ ಆನೋಡ್ ಆಗಿ ಕಬ್ಬಿಣವನ್ನು ಬಿಟ್ಟುಕೊಡುತ್ತದೆ, ಸುತ್ತಲಿನ ಗಟ್ಟಿ ಜಾಗ ಕ್ಯಾಥೋಡ್ ಆಗುತ್ತದೆ, ನಡುವಿನ ತೇವ ಬ್ಯಾಟರಿಯ ದ್ರಾವಣದಂತೆ ವರ್ತಿಸುತ್ತದೆ. ಈ ಪುಟ್ಟ ಬ್ಯಾಟರಿಯ ವಿಭವವನ್ನೇ (ವೋಲ್ಟೇಜನ್ನೇ) ಅವರು ಅಳೆದದ್ದು. ಒಂದು ತಂತಿಯನ್ನು ಸಳಿಗೆ ಕಚ್ಚಿಸಿ, ಇನ್ನೊಂದು ತುದಿಯಲ್ಲಿ ಸ್ಥಿರ ವಿಭವವುಳ್ಳ ಉಲ್ಲೇಖ ಎಲೆಕ್ಟ್ರೋಡನ್ನು ಕಾಂಕ್ರೀಟಿನ ಮೇಲಿಟ್ಟು, ನಡುವಿನ ವ್ಯತ್ಯಾಸವನ್ನು ವೋಲ್ಟ್‌ಮೀಟರಿನಲ್ಲಿ ಓದುತ್ತಾರೆ.

ಎಲ್ಲರೂ ಉಲ್ಲೇಖಿಸುವ ಮಿತಿಗಳು ಅಮೆರಿಕದ ಎಎಸ್‌ಟಿಎಂ ಸಿ 876 ಮಾನದಂಡದಿಂದ ಬಂದವು. ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿದಾಗ −200 ಮಿಲಿವೋಲ್ಟ್‌ಗಿಂತ ಮೇಲಿದ್ದರೆ ತುಕ್ಕು ಇಲ್ಲದಿರುವ ಸಂಭವ ಶೇ 90ಕ್ಕಿಂತ ಹೆಚ್ಚು, −350ಕ್ಕಿಂತ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಂಭವ ಶೇ 90ಕ್ಕಿಂತ ಹೆಚ್ಚು, ನಡುವಿನದು ಅನಿಶ್ಚಿತ. ಈ ಮಿತಿಗಳ ಮೂಲ ಅನುಭವ ಉಪ್ಪು ಬಿದ್ದು ಹಾಳಾದ ಸೇತುವೆಗಳ ಹಾಸುಗಳದ್ದು. ಏಪ್ರಿಲ್ ತಿಂಗಳ ವಿಜಯಪುರದ ಒಣ ಕಂಬಕ್ಕೆ ಅವನ್ನು ಕಣ್ಣುಮುಚ್ಚಿ ಅಂಟಿಸಬಾರದು. ನಮ್ಮ ಭಾರತೀಯ ಮಾನದಂಡ ಐಎಸ್ 516ರ ಭಾಗ 5, ವಿಭಾಗ 2ರಲ್ಲಿ ಈ ಪರೀಕ್ಷೆಯ ಕ್ರಮ 2021ರಲ್ಲಿ ಬಂದಿದೆ. ಪರೀಕ್ಷೆ ಮಾಡುವವರು ಅದನ್ನು ಅನುಸರಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಆದ್ದರಿಂದ ಅಂಕಿಗಳ ಬಗ್ಗೆ ಅಭಿಪ್ರಾಯ ಹೇಳುವ ಮುನ್ನ ನಾಲ್ಕು ವಿಷಯ ತಿಳಿಯಬೇಕು. ಬಳಸಿದ ಎಲೆಕ್ಟ್ರೋಡ್ ಯಾವುದು? ಅಳೆಯುವ ಮುನ್ನ ಕಾಂಕ್ರೀಟನ್ನು ತೇವ ಮಾಡಿದ್ದರೇ? ಗಿಲಾಯವನ್ನು ತೆಗೆದು ಅಳೆದರೇ ಅಥವಾ ಅದರ ಮೇಲೆಯೇ ಇಟ್ಟರೇ? ತಂತಿಯನ್ನು ಎಷ್ಟು ಕಂಬಗಳ ಸಳಿಗೆ ಜೋಡಿಸಿದ್ದರು?

ಉತ್ತರ 2 (ಬಾಗಲಕೋಟೆ, ವಸ್ತು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ)

ಮೇಲಿನವರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ನೀವು ಉತ್ತರ ತರುವ ಹೊತ್ತಿಗೆ ನಾನು ಬೇರೆ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಿಲಿವೋಲ್ಟ್ ಅಲ್ಲ, ‘ಉತ್ತರದ ಅರ್ಧದಲ್ಲಿ ರಸಗೊಬ್ಬರ’ ಎಂಬ ಮಾತು. ಅಲ್ಲಿ ಪೊಟ್ಯಾಷ್ ಇಡುತ್ತೀರಾ? ನಮ್ಮ ಕಡೆ ಕಬ್ಬಿಗೂ ಲಿಂಬೆಗೂ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಲೋರೈಡೇ. 50 ಕಿಲೋದ ಒಂದು ಚೀಲದಲ್ಲಿ 22 ಕಿಲೋಗಿಂತ ಹೆಚ್ಚು ಕ್ಲೋರೈಡ್ ಇರುತ್ತದೆ.

ಇದನ್ನು ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆಯ ಮಿತಿಯ ಪಕ್ಕದಲ್ಲಿಟ್ಟು ನೋಡಿ. ಐಎಸ್ 456:2000ರ ಪ್ರಕಾರ ಸಳಿ ಹಾಕಿದ ಕಾಂಕ್ರೀಟಿನಲ್ಲಿ, ಸುರಿಯುವ ಹೊತ್ತಿಗೆ, ಒಂದು ಘನ ಮೀಟರಿಗೆ 0.6 ಕಿಲೋಗಿಂತ ಹೆಚ್ಚು ಕ್ಲೋರೈಡ್ ಇರಬಾರದು. ನಿಮ್ಮ ಅಳತೆಯ ಒಂದು ಕಂಬದಲ್ಲಿರುವುದು ಸುಮಾರು ಕಾಲು ಘನ ಮೀಟರ್ ಕಾಂಕ್ರೀಟ್. ಅಂದರೆ ಇಡೀ ಕಂಬಕ್ಕೆ 150 ಗ್ರಾಂ. ಮಳೆಗಾಲದಲ್ಲಿ ಹರಿದ ಒಂದು ಚೀಲ ನೀರೊಡೆದು ಕಂಬದ ಬುಡದಲ್ಲಿ ನಿಂತರೆ ಎಷ್ಟು ಉಪ್ಪು ಆ ಕಂಬಕ್ಕೆ ಉಣಿಸಿದಂತಾಗುತ್ತದೆ ಎಂದು ಊಹಿಸಬಹುದು. ಕಾಂಕ್ರೀಟ್ ಬತ್ತಿಯಂತೆ ಆ ನೀರನ್ನು ಮೇಲೆ ಹೀರುತ್ತದೆ, ಬೇಸಿಗೆಯಲ್ಲಿ ನೀರು ಆರಿಹೋಗಿ ಉಪ್ಪು ಉಳಿಯುತ್ತದೆ, ಮರುವರ್ಷ ಮತ್ತೆ ಅದೇ. ಸಮುದ್ರ ನೋಡದ ಇಂಡಿಯಲ್ಲಿ ಸಮುದ್ರದಂಡೆಯ ಕಾಯಿಲೆ ಬರುವುದು ಹೀಗೆ.

ಹಿರಿಯರು ಹೇಳಿದ ಬೋರ್‌ವೆಲ್ ನೀರಿನ ಮಾತನ್ನೂ ತಳ್ಳಿಹಾಕುವಂತಿಲ್ಲ. ಸಳಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮಿತಿ ಎಂದು ಅದೇ ಸಂಹಿತೆ ಹೇಳುತ್ತದೆ, ಮತ್ತು ನಮ್ಮ ಎರೆ ಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು ನಾಲಗೆಗೇ ಉಪ್ಪು ಹತ್ತುತ್ತದೆ. ಆದರೆ ಎರಡರಲ್ಲಿ ಯಾವುದು ಕಾರಣ ಎಂದು ವಾದ ಮಾಡುವ ಅಗತ್ಯವೇ ಇಲ್ಲ, ಅಳೆದು ನೋಡಬಹುದು. ಕಂಬದಲ್ಲಿ ಡ್ರಿಲ್ ಮಾಡಿ, ಮೇಲಿನ ಕೆಲವು ಮಿಲಿಮೀಟರ್ ಬಿಟ್ಟು, 10ರಿಂದ 20, 20ರಿಂದ 30, 30ರಿಂದ 40 ಮಿಲಿಮೀಟರ್ ಆಳದ ಪುಡಿಯನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಹಿಡಿದು, ಐಎಸ್ 14959ರ ಭಾಗ 2ರಂತೆ ಆಮ್ಲದಲ್ಲಿ ಕರಗುವ ಕ್ಲೋರೈಡನ್ನು ಪರೀಕ್ಷಿಸಬೇಕು. ಉಪ್ಪು ಕಟ್ಟುವಾಗಿನ ನೀರಿನೊಂದಿಗೇ ಬಂದಿದ್ದರೆ ಹೊರಗೂ ಒಳಗೂ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ, ಇಪ್ಪತ್ತನಾಲ್ಕೂ ಕಂಬಗಳಲ್ಲಿ ಇರುತ್ತದೆ. ಗೊಬ್ಬರದಿಂದ ಬಂದಿದ್ದರೆ ಮೇಲ್ಮೈಯಲ್ಲಿ ಹೆಚ್ಚಿದ್ದು ಆಳಕ್ಕೆ ಹೋದಂತೆ ಇಳಿಯುತ್ತದೆ, ಜೋಳದ ಕಡೆಯ ಕಂಬಗಳಲ್ಲಿ ಇರುವುದೇ ಇಲ್ಲ. ಪ್ರತಿ ಆಳಕ್ಕೂ ಡ್ರಿಲ್ಲಿನ ಬಿಟ್ಟನ್ನು ಒರೆಸಿ, ತೂತನ್ನು ಊದಿ ಸ್ವಚ್ಛ ಮಾಡಬೇಕು; ಇಲ್ಲದಿದ್ದರೆ ಮೇಲಿನ ಪುಡಿ ಕೆಳಗಿನದರಲ್ಲಿ ಬೆರೆತು ಎಲ್ಲ ಆಳವೂ ಒಂದೇ ತರಹ ಕಾಣುತ್ತದೆ, ನಿರಪರಾಧಿ ಬೋರ್‌ವೆಲ್‌ಗೆ ಶಿಕ್ಷೆಯಾಗುತ್ತದೆ.

ತೂತು ಕೊರೆದ ಕೂಡಲೇ ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿ ನೋಡುವುದನ್ನು ಮರೆಯಬೇಡಿ. ಕ್ಷಾರ ಉಳಿದ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ, ಕಾರ್ಬೊನೇಶನ್ ಆದ, ಅಂದರೆ ಇಂಗಾಲದ ಡೈಆಕ್ಸೈಡಿನಿಂದ ಕ್ಷಾರ ತಗ್ಗಿದ, ಕಡೆ ಬಣ್ಣ ಬರುವುದಿಲ್ಲ. ಬಣ್ಣವಿಲ್ಲದ ಪಟ್ಟಿಯ ದಪ್ಪವನ್ನು ಕವರ್ ಮೀಟರಿನಿಂದ ಅಳೆದ ಸಳಿಯ ಆಳದೊಂದಿಗೆ ಹೋಲಿಸಿದರೆ ಅರ್ಧ ಕಥೆ ಅಲ್ಲಿಯೇ ತಿಳಿಯುತ್ತದೆ. ಖರ್ಚು ಅತ್ಯಲ್ಪ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪೊಟ್ಯಾಷ್ ಇಡುತ್ತೇವೆ, ಇಪ್ಪತ್ತು ವರ್ಷಗಳಿಂದಲೂ ಉತ್ತರದ ಗೋಡೆಯ ಪಕ್ಕವೇ ಅದರ ಜಾಗ. ಮಳೆಗಾಲದಲ್ಲಿ ನೆಲ ಒದ್ದೆಯಾಗಿ ಬಿಳಿ ಪೊರೆ ಕಟ್ಟುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ಕಂಬಕ್ಕೆ ಕುತ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

ಪರೀಕ್ಷಾ ಸಂಸ್ಥೆಯವರಿಗೆ ಫೋನ್ ಮಾಡಿ ಕೇಳಿದೆ. ಬಳಸಿದ್ದು ಬೆಳ್ಳಿ–ಬೆಳ್ಳಿಯ ಕ್ಲೋರೈಡ್ ಎಲೆಕ್ಟ್ರೋಡ್, ಅದರೊಳಗಿನದು ಸಂತೃಪ್ತ ದ್ರಾವಣ ಎಂದರು. ತೇವ ಮಾಡಿರಲಿಲ್ಲ. ಸುಣ್ಣ ಬಳಿದ ಗಿಲಾಯದ ಮೇಲೆಯೇ ಮಧ್ಯಾಹ್ನದ ಹೊತ್ತು ಅಳೆದಿದ್ದಾರೆ. ತಂತಿಯನ್ನು ಸಳಿ ಹೊರಗೆ ಕಾಣುತ್ತಿದ್ದ ಆ ಒಂದೇ ಕಂಬಕ್ಕೆ ಜೋಡಿಸಿ ಎಲ್ಲ ಕಂಬಗಳನ್ನೂ ಅದರಿಂದಲೇ ಅಳೆದರಂತೆ.

ಉತ್ತರ 1 (ಬೆಳಗಾವಿ)

ಹಾಗಾದರೆ ಆ ವರದಿಯನ್ನು ಒಂದು ಸುಳಿವು ಎಂದು ಇಟ್ಟುಕೊಳ್ಳಿ, ಅಳತೆ ಎಂದು ಎಣಿಸಬೇಡಿ.

ಸಂತೃಪ್ತ ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿನ ಅಂಕಿಯನ್ನು ತಾಮ್ರದ ಎಲೆಕ್ಟ್ರೋಡಿನ ಮಾನಕ್ಕೆ ತರಬೇಕಾದರೆ ಸುಮಾರು 120 ಮಿಲಿವೋಲ್ಟ್ ಇನ್ನೂ ಕೆಳಗಿಳಿಸಬೇಕು. ಅಂದರೆ ನಿಮ್ಮ −270 ಎಂಬುದು −390 ಆಗುತ್ತದೆ, −390 ಎಂಬುದು −510 ಆಗುತ್ತದೆ. ವರದಿಯವರು ಬೆಳ್ಳಿಯ ಅಂಕಿಯನ್ನು ತಾಮ್ರದ ಮಿತಿಗೆ ಹೋಲಿಸಿ ‘ಅನಿಶ್ಚಿತ’ ಎಂದು ಬರೆದಿರಬೇಕು. ಆದರೆ ಇಷ್ಟಕ್ಕೇ ಏಳು ಕಂಬಗಳೂ ಕೆಟ್ಟವು ಎಂದು ತೀರ್ಮಾನಿಸಿದರೆ ಅದೂ ತಪ್ಪಾದೀತು. ಒಣ ಕಾಂಕ್ರೀಟಿನಲ್ಲಿ ಎಲೆಕ್ಟ್ರೋಡಿಗೆ ಸರಿಯಾದ ಸಂಪರ್ಕ ಸಿಗದೆ ಅಂಕಿ ಓಲಾಡುತ್ತದೆ. ಗಿಲಾಯ ಮತ್ತು ಸುಣ್ಣದ ಪದರಗಳು ತಮ್ಮದೇ ವ್ಯತ್ಯಾಸವನ್ನು ಸೇರಿಸುತ್ತವೆ. ಬಿಸಿಲಿನ ತಾಪವೂ ಎಲೆಕ್ಟ್ರೋಡನ್ನು ಸ್ವಲ್ಪ ಸರಿಸುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ ಒಂದೇ ಜೋಡಣೆಯದು. ಒಂದು ಕಂಬದ ಸಳಿ ಇನ್ನೊಂದರ ಸಳಿಗೆ ತೊಲೆಯ ಮೂಲಕ ವಿದ್ಯುತ್ ಹರಿಯುವಂತೆ ತಾಗಿರಬಹುದು, ತಾಗದೆಯೂ ಇರಬಹುದು. ಅದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳದೆ ತೆಗೆದ ಅಂಕಿ ಯಾವ ಸಳಿಯದು ಎಂದೇ ಹೇಳಲಾಗದು.

ಮರುಪರೀಕ್ಷೆಯನ್ನು ಮಳೆ ಹಿಡಿದ ಮೇಲೆ ಮಾಡಿಸಿ. ಅಳೆಯುವ ಜಾಗಗಳಲ್ಲಿ ಅಂಗೈಯಗಲ ಗಿಲಾಯ ತೆಗೆಸಿ, ಸ್ಪಂಜಿನಿಂದ ತೇವ ಮಾಡಿಸಿ; ಐದು ನಿಮಿಷದ ಅವಧಿಯಲ್ಲಿ ಅಂಕಿ 20 ಮಿಲಿವೋಲ್ಟ್‌ಗಿಂತ ಹೆಚ್ಚು ಕದಲದಿದ್ದರೆ ತೇವ ಸಾಕಾಗಿದೆ ಎಂದರ್ಥ. ವೋಲ್ಟ್‌ಮೀಟರಿನ ಒಳರೋಧ 10 ಮೆಗಾಓಮ್‌ಗಿಂತ ಕಡಿಮೆ ಇರಬಾರದು. ಮೂರು ಎತ್ತರಗಳ ಬದಲು ಅಡಿಗೊಂದರಂತೆ ಅಳೆಯಲಿ, ಕಂಬದ ಒಳಮೈ ಹೊರಮೈ ಎರಡನ್ನೂ ಅಳೆಯಲಿ. ನಾನು ಅಂಕಿಯ ಮಟ್ಟಕ್ಕಿಂತ ಅದರ ಇಳಿಜಾರನ್ನು ಹೆಚ್ಚು ನಂಬುತ್ತೇನೆ. ಮೇಲೆ −150 ಇದ್ದದ್ದು ಎರಡು ಅಡಿ ಕೆಳಗೆ ಸರ್ರನೆ −450ಕ್ಕೆ ಬಿದ್ದರೆ ಅಲ್ಲಿ ಆನೋಡ್ ಇದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಅದೇ ಎಲ್ಲೆಡೆ ಸಮನಾಗಿ −450 ಇದ್ದರೆ ಬೇರೆ ಅರ್ಥವೂ ಇರಬಹುದು. ಆಲಮಟ್ಟಿ ಹಿನ್ನೀರಿನಲ್ಲಿ ವರ್ಷವಿಡೀ ಮುಳುಗಿರುವ ಕಂಬದ ಬುಡವನ್ನು ಅಳೆದರೆ ಅದಕ್ಕಿಂತಲೂ ಕೆಳಗಿನ ಅಂಕಿ ಬರಬಹುದು, ಆದರೂ ಅಲ್ಲಿ ಆಮ್ಲಜನಕ ತಲುಪದಿರುವುದರಿಂದ ತುಕ್ಕು ಬಹಳ ನಿಧಾನ.

ಉತ್ತರ 3 (ವಿಜಯಪುರ, ಸಿವಿಲ್ ವಿಭಾಗದ ಅಧ್ಯಾಪಕಿ)

ಚರ್ಚೆ ಸರಿಯಾದ ದಾರಿಯಲ್ಲಿದೆ. ‘ಎಷ್ಟು ವೇಗ’ ಮತ್ತು ‘ಎಷ್ಟು ಉಳಿದಿದೆ’ ಎಂಬ ಎರಡು ಪ್ರಶ್ನೆಗಳಿಗೆ ಅಳತೆಯ ಮಾರ್ಗಗಳಿವೆ, ಅವನ್ನು ಸೇರಿಸುತ್ತೇನೆ.

ವೇಗವನ್ನು ಅಳೆಯಲು ರೇಖೀಯ ಧ್ರುವೀಕರಣ ರೋಧ ಎಂಬ ವಿಧಾನವಿದೆ. ಉಪಕರಣದವರು ಎಲ್‌ಪಿಆರ್ ಎನ್ನುತ್ತಾರೆ. ಸಳಿಯ ಸಹಜ ವಿಭವವನ್ನು 10–20 ಮಿಲಿವೋಲ್ಟ್‌ನಷ್ಟು ಮಾತ್ರ ಅಲುಗಿಸಿ, ಅದಕ್ಕೆ ಎಷ್ಟು ವಿದ್ಯುತ್ ಬೇಕಾಯಿತು ಎಂದು ನೋಡುತ್ತಾರೆ. ಕ್ಷೇಮವಾಗಿರುವ ಸಳಿ ಇಷ್ಟೇ ಇಷ್ಟು ವಿದ್ಯುತ್ತಿಗೆ ಅಲುಗುತ್ತದೆ, ತುಕ್ಕು ಹಿಡಿಯುತ್ತಿರುವ ಸಳಿ ಬಹಳಷ್ಟನ್ನು ನುಂಗುತ್ತದೆ. ಸ್ಟರ್ನ್ ಮತ್ತು ಗಿಯರಿ 1957ರಲ್ಲಿ ಕೊಟ್ಟ ಸಂಬಂಧದ ಪ್ರಕಾರ ತುಕ್ಕಿನ ವಿದ್ಯುತ್ ಸಾಂದ್ರತೆಯು ಒಂದು ಸ್ಥಿರಾಂಕವನ್ನು ಆ ರೋಧದಿಂದ ಭಾಗಿಸಿದಷ್ಟು. ಸಕ್ರಿಯ ತುಕ್ಕಿಗೆ ಆ ಸ್ಥಿರಾಂಕವನ್ನು 26 ಮಿಲಿವೋಲ್ಟ್ ಎಂದೂ ಪೊರೆ ಗಟ್ಟಿಯಿರುವ ಸಳಿಗೆ 52 ಎಂದೂ ತೆಗೆದುಕೊಳ್ಳುವುದು ರೂಢಿ. ಫಲ ಚದರ ಸೆಂಟಿಮೀಟರಿಗೆ 0.1 ಮೈಕ್ರೋಆಂಪಿಯರ್‌ಗಿಂತ ಕಡಿಮೆ ಬಂದರೆ ಚಿಂತೆ ಇಲ್ಲ, 0.5ರವರೆಗೆ ಕಡಿಮೆ, 1ರವರೆಗೆ ಮಧ್ಯಮ, ಅದಕ್ಕೂ ಮೇಲೆ ಹೆಚ್ಚು. ಇದನ್ನು ಸವೆತಕ್ಕೆ ಪರಿವರ್ತಿಸುವುದು ಸುಲಭ: 1 ಮೈಕ್ರೋಆಂಪಿಯರ್ ಎಂದರೆ ವರ್ಷಕ್ಕೆ 11.6 ಮೈಕ್ರೋಮೀಟರ್, ಅಂದರೆ ಹತ್ತು ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದಂಶಕ್ಕಿಂತ ತುಸು ಹೆಚ್ಚು.

ಕೇಳಲು ಅತ್ಯಲ್ಪ ಎನಿಸುತ್ತದೆ, ಆದರೆ ಎರಡು ಎಚ್ಚರಗಳಿವೆ. ಮೊದಲನೆಯದಾಗಿ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಆದ್ದರಿಂದ ಸಳಿ ಕೆಲವೇ ಹತ್ತು ಮೈಕ್ರೋಮೀಟರ್ ಸವೆದರೂ ಮೇಲಿನ ಕಾಂಕ್ರೀಟ್ ಬಿರಿಯಬಲ್ಲದು. ನಿಮ್ಮ ಮೂಲೆಯ ಬಿರುಕುಗಳನ್ನು ನೋಡಿದ ಮಾತ್ರಕ್ಕೆ ಸಳಿ ಮುಗಿದುಹೋಗಿದೆ ಎಂದುಕೊಳ್ಳುವ ಕಾರಣವಿಲ್ಲ. ಎರಡನೆಯದು ಇದಕ್ಕೆ ತೀರ ವಿರುದ್ಧವಾದದ್ದು. ಕ್ಲೋರೈಡಿನಿಂದ ಬರುವ ತುಕ್ಕು ಸಮನಾಗಿ ಸವೆಸದೆ ಹುಳುಕು ಹಲ್ಲಿನಂತೆ ಕುಳಿ ಕೊರೆಯುತ್ತದೆ, ಮತ್ತು ಆ ಕುಳಿಯ ಆಳ ಸರಾಸರಿಯ ನಾಲ್ಕರಿಂದ ಎಂಟು ಪಟ್ಟು ಇರಬಲ್ಲದು. ಎಲ್‌ಪಿಆರ್ ಕೊಡುವುದು ಸರಾಸರಿಯನ್ನು ಮಾತ್ರ. ಜೊತೆಗೆ ಅದು ಅಳೆದ ದಿನದ ವೇಗ. ಶ್ರಾವಣದ ಅಂಕಿಗೂ ಚೈತ್ರದ ಅಂಕಿಗೂ ಅಜಗಜಾಂತರವಿರುವ ಸೀಮೆ ನಮ್ಮದು. ಒಂದು ಸಲ ಅಳೆದು ಇಪ್ಪತ್ತು ವರ್ಷಕ್ಕೆ ಗುಣಿಸಬೇಡಿ.

ಉಪಕರಣ ಸಿಗದಿದ್ದರೆ ಕಾಂಕ್ರೀಟಿನ ವಿದ್ಯುತ್ ರೋಧಕತೆಯನ್ನಾದರೂ ಅಳೆಸಿ. ಸಾಲಾಗಿ ನಾಲ್ಕು ಮೊನೆಗಳಿರುವ ವೆನ್ನರ್ ಉಪಕರಣ ಬೇಕಾಗುತ್ತದೆ. ಹೊರಗಿನ ಎರಡು ಮೊನೆಗಳಲ್ಲಿ ವಿದ್ಯುತ್ ಹರಿಸಿ ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಓದುತ್ತಾರೆ. 20 ಕಿಲೋಓಮ್-ಸೆಂಟಿಮೀಟರಿಗಿಂತ ಮೇಲಿದ್ದರೆ ಪೊರೆ ಹರಿದಿದ್ದರೂ ತುಕ್ಕು ಕುಂಟುತ್ತಲೇ ಸಾಗುತ್ತದೆ. 5ಕ್ಕಿಂತ ಕೆಳಗಿದ್ದರೆ ಓಡುತ್ತದೆ. ಮೊನೆಗಳನ್ನು ಸಳಿಗುಂಟ ಇಡಬಾರದು, ಸಳಿಯೇ ವಿದ್ಯುತ್ತನ್ನು ಸಾಗಿಸಿ ಅಂಕಿಯನ್ನು ಕೆಡಿಸುತ್ತದೆ; ಸಳಿಗಳ ಚೌಕದೊಳಗೆ ಓರೆಯಾಗಿ ಇಡಬೇಕು.

‘ಎಷ್ಟು ಉಳಿದಿದೆ’ ಎಂಬುದಕ್ಕೆ ಮಾತ್ರ ತೆರೆದು ನೋಡುವುದನ್ನು ಬಿಟ್ಟು ಬೇರೆ ಭರವಸೆಯ ದಾರಿಯನ್ನು ನಾನು ಕಂಡಿಲ್ಲ. ಪ್ರಯೋಗಾಲಯದಲ್ಲಾದರೆ ಸಳಿಯ ತುಂಡನ್ನು ಆಮ್ಲ ದ್ರಾವಣದಲ್ಲಿ ತುಕ್ಕು ತೊಳೆದು ತೂಗುತ್ತೇವೆ. 16 ಮಿಲಿಮೀಟರ್ ಸಳಿ ಮೀಟರಿಗೆ 1.58 ಕಿಲೋ ತೂಗಬೇಕು, ಆದ್ದರಿಂದ 100 ಮಿಲಿಮೀಟರ್ ತುಂಡು 158 ಗ್ರಾಂ. ಹೊಸ ಸಳಿಯ ತೂಕದಲ್ಲೇ ಶೇಕಡಾ ಕೆಲವಷ್ಟು ಏರುಪೇರನ್ನು ಮಾನದಂಡ ಒಪ್ಪುತ್ತದೆಯಾದ್ದರಿಂದ ಅದೇ ಸಳಿಯ ಕೆಡದ ಭಾಗದೊಂದಿಗೆ ಹೋಲಿಸುವುದು ಮೇಲು. ಭಾರ ಹೊತ್ತಿರುವ ಕಂಬದಿಂದ ಉದ್ದ ಸಳಿಯನ್ನು ಕತ್ತರಿಸಿ ತೂಗಲು ಮಾತ್ರ ಯಾರಿಗೂ ಬಿಡಬೇಡಿ. ತಂತಿ ಬ್ರಷ್‌ನಿಂದ ಉಜ್ಜಿ, ಅತ್ಯಂತ ಆಳವಾದ ಕುಳಿಯಲ್ಲಿ ಕ್ಯಾಲಿಪರ್ ಹಿಡಿಯಿರಿ. 16 ಮಿಲಿಮೀಟರ್ ಇದ್ದದ್ದು 14.5 ಆಗಿದ್ದರೆ ಒಂದೂವರೆ ಮಿಲಿಮೀಟರ್ ತಾನೇ ಎನಿಸಬಹುದು; ಅಡ್ಡಕೊಯ್ತದ ವಿಸ್ತೀರ್ಣ 201ರಿಂದ 165 ಚದರ ಮಿಲಿಮೀಟರಿಗೆ ಇಳಿದಿರುತ್ತದೆ, ಅಂದರೆ ಶೇ 18ರಷ್ಟು ಹೋಗಿರುತ್ತದೆ.

ಉತ್ತರ 4 (ಜಮಖಂಡಿ, ಕಟ್ಟಡ ದುರಸ್ತಿ ಕೆಲಸ)

ನಾನು ಓದಿದ್ದು ಡಿಪ್ಲೊಮಾ ಮಾತ್ರ, ಆದರೆ ಕೃಷ್ಣೆಯ ದಂಡೆಯ ಊರುಗಳಲ್ಲಿ ಕಂಬ ದುರಸ್ತಿಯ ಕೆಲಸವನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ತೆರೆದು ನೋಡುವಾಗ ಉದ್ದ ಸಳಿಯನ್ನಷ್ಟೇ ಅಳೆದು ಸಮಾಧಾನಪಡಬೇಡಿ, ಉದ್ದ ಸಳಿಗಳನ್ನು ಸುತ್ತಿ ಹಿಡಿದಿರುವ ರಿಂಗುಗಳನ್ನು ಅಳೆಯಿರಿ. 1994ರ ಕಟ್ಟಡವಾದರೆ ಉದ್ದಕ್ಕೆ ತಿರುಚಿದ ಟಾರ್ ಸಳಿ, ರಿಂಗಿಗೆ 6 ಮಿಲಿಮೀಟರಿನ ನುಣುಪು ಸಳಿ ಇರುವ ಸಾಧ್ಯತೆಯೇ ಹೆಚ್ಚು. ರಿಂಗು ಹೊರಮೈಗೆ ಹತ್ತಿರ ಇರುವುದರಿಂದ ಉಪ್ಪು ಮೊದಲು ಅದಕ್ಕೇ ತಲುಪುತ್ತದೆ, ಮೊದಲೇ ತೆಳುವಾದ್ದರಿಂದ ಬೇಗ ಹರಿಯುತ್ತದೆ. ರಿಂಗು ಹರಿದ ಕಂಬದಲ್ಲಿ ಉದ್ದ ಸಳಿ ಗಟ್ಟಿಯಿದ್ದರೂ ಹೊರಕ್ಕೆ ಬಾಗಲು ಅದನ್ನು ತಡೆಯುವವರಿಲ್ಲ. ಮಿಲಿವೋಲ್ಟಿನಲ್ಲಿ ಇದು ಬೇರೆಯಾಗಿ ಕಾಣುವುದಿಲ್ಲ.

ಕಂಬವನ್ನು ಒಡೆಯುವ ಮೊದಲು ಎರಡೂ ಬದಿಗೆ ಉಕ್ಕಿನ ಆಸರೆ ಕೊಟ್ಟು, ಆ ಭಾಗದ ಮಾಳಿಗೆಯ ಭಾರವನ್ನು ಇಳಿಸಿ. ಒಂದು ಬಾರಿಗೆ ಒಂದೇ ಕಂಬ, ಅದರಲ್ಲೂ ಒಂದೇ ಮೂಲೆ. ‘ಬರೀ ನೋಡುವುದಕ್ಕೆ ಒಡೆಯುತ್ತೇವೆ’ ಎಂದು ಆಸರೆಯಿಲ್ಲದೆ ಕೈಹಾಕಿದ ಕಡೆಗಳಲ್ಲಿ ಅನಾಹುತವಾಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಬಿರುಕು ತುಂಬಿ ಗಿಲಾಯ ಮಾಡುವ ಸಲಹೆಗೆ ನನ್ನ ಬಲವಾದ ವಿರೋಧವಿದೆ. ಉಪ್ಪು ತುಂಬಿದ ಕಾಂಕ್ರೀಟ್ ಒಳಗೇ ಉಳಿಯುತ್ತದೆ. ತುಕ್ಕು ಕಂಡಷ್ಟು ಜಾಗವನ್ನು ಮಾತ್ರ ಕೆತ್ತಿ ಹೊಸ ಕಾಂಕ್ರೀಟ್ ತುಂಬಿದರೂ ಸಾಲದು, ಮೊದಲು ಆನೋಡ್ ಆಗಿ ಪಕ್ಕದ ಸಳಿಯನ್ನು ಕಾಯುತ್ತಿದ್ದ ಜಾಗ ಈಗ ಕ್ಯಾಥೋಡ್ ಆಗುತ್ತದೆ, ತೇಪೆಯ ಅಂಚಿನಲ್ಲಿ ಹೊಸ ತುಕ್ಕು ಶುರುವಾಗುತ್ತದೆ. ಎಲ್ಲಿಯವರೆಗೆ ಕೆತ್ತಬೇಕು ಎಂಬುದನ್ನು ಕ್ಲೋರೈಡ್ ಮತ್ತು ಹಾಫ್ ಸೆಲ್ ನಕ್ಷೆಗಳು ತೀರ್ಮಾನಿಸಬೇಕು. ಸಳಿಯ ಹಿಂದೆ ಬೆರಳು ಹೋಗುವಷ್ಟು ಕೆತ್ತದಿದ್ದರೆ ಕೆಲಸ ಅರ್ಧ ಮಾಡಿದಂತೆ.

ಪ್ರಶ್ನೆ ಕೇಳಿದವರು (ಮೂರು ತಿಂಗಳ ನಂತರ)

ನೀವೆಲ್ಲರೂ ಹೇಳಿದ ಕ್ರಮದಲ್ಲೇ, ಬೇರೊಂದು ತಂಡದಿಂದ ಮರುಪರೀಕ್ಷೆ ಮಾಡಿಸಿದೆವು. ಮುಂದೆ ಯಾರಿಗಾದರೂ ಉಪಯೋಗವಾದೀತೆಂದು ಫಲಿತಾಂಶ ಹಂಚಿಕೊಳ್ಳುತ್ತಿದ್ದೇನೆ.

ತಾಮ್ರದ ಎಲೆಕ್ಟ್ರೋಡಿನಲ್ಲಿ, ತೇವ ಮಾಡಿ, ಪ್ರತಿ ಕಂಬಕ್ಕೂ ಬೇರೆ ಜೋಡಣೆ ಕೊಟ್ಟು ಅಳೆದಾಗ ಜೋಳದ ಕಡೆಯ ಕಂಬಗಳೆಲ್ಲ −110ರಿಂದ −190ರೊಳಗೆ ಬಂದವು. ಉತ್ತರದ ಏಳು ಕಂಬಗಳ ಒಳಮೈಯಲ್ಲಿ 1 ಅಡಿಗೆ −480ರ ಸುಮಾರು, 3 ಅಡಿಗೆ −430, 6 ಅಡಿಗೆ −210. ಚೀಲಗಳ ರಾಶಿ ಎಲ್ಲಿಯವರೆಗೆ ತಾಗುತ್ತಿತ್ತೋ ಅಲ್ಲಿಗೇ ಇಳಿಜಾರು ನಿಂತಿದೆ. ಅವೇ ಕಂಬಗಳ ಹೊರಮೈ ಬಹುತೇಕ ಕ್ಷೇಮ.

ಕ್ಲೋರೈಡ್ ಪರೀಕ್ಷೆಯಲ್ಲಿ ಉತ್ತರದ ಒಂದು ಕಂಬದಲ್ಲಿ, ಸಿಮೆಂಟಿನ ತೂಕದ ಲೆಕ್ಕದಲ್ಲಿ, 10–20 ಮಿಲಿಮೀಟರ್ ಆಳಕ್ಕೆ ಶೇ 1.6, 20–30ಕ್ಕೆ ಶೇ 1.0, 30–40ಕ್ಕೆ ಶೇ 0.6 ಬಂದಿದೆ. ಜೋಳದ ಕಡೆಯ ಕಂಬದಲ್ಲಿ ಮೂರೂ ಆಳಗಳಲ್ಲಿ ಶೇ 0.08ರ ಆಸುಪಾಸು. ಹಿರಿಯ ಸದಸ್ಯರಿಗೆ ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ ಬೋರ್‌ವೆಲ್‌ನ ಮಾತು ನಿಂತಿತು. ಬಣ್ಣವಿಲ್ಲದ ಪಟ್ಟಿ 15ರಿಂದ 18 ಮಿಲಿಮೀಟರ್, ಉದ್ದ ಸಳಿಯ ಕವರ್ (ಸಳಿಯ ಮೇಲಿನ ಕಾಂಕ್ರೀಟಿನ ದಪ್ಪ) 32ರಿಂದ 38.

ಆಸರೆ ಕೊಟ್ಟು ನಾಲ್ಕು ಮೂಲೆಗಳನ್ನು ತೆರೆದೆವು. ಉದ್ದ ಸಳಿಗಳಲ್ಲಿ ಅತಿ ಕೆಟ್ಟ ಕುಳಿಯಲ್ಲಿ 14.6 ಮಿಲಿಮೀಟರ್ ಉಳಿದಿದೆ. ರಿಂಗುಗಳ ಬಗ್ಗೆ ಜಮಖಂಡಿಯವರು ಹೇಳಿದ್ದು ಅಕ್ಷರಶಃ ನಿಜವಾಯಿತು: ಎರಡು ಕಡೆ 4 ಮಿಲಿಮೀಟರಿಗಿಂತ ಕಡಿಮೆ, ಒಂದು ಕಡೆ ಪೂರ್ತಿ ಹರಿದಿದೆ. ಶೇ 0.6 ಎಂಬ ಅಂಕಿಯನ್ನು ಹೇಗೆ ತಿಳಿಯಬೇಕು ಎಂಬುದೊಂದು ಉಳಿದಿದೆ.

ಉತ್ತರ 2 (ಬಾಗಲಕೋಟೆ)

ಸಿಮೆಂಟಿನ ತೂಕದ ಶೇ 0.4 ದಾಟಿದರೆ ಸಳಿಯ ಪೊರೆ ಹರಿಯುವ ಅಪಾಯ ಗಣನೀಯ ಎಂದು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಘನ ಮೀಟರಿಗೆ 300 ಕಿಲೋ ಸಿಮೆಂಟ್ ಹಾಕಿದ ಕಾಂಕ್ರೀಟಿನಲ್ಲಿ ಅದು 1.2 ಕಿಲೋ. ನಿಮ್ಮಲ್ಲಿ ಸಳಿ ಇರುವ ಆಳದಲ್ಲೇ ಶೇ 0.6 ಇದೆ, ರಿಂಗಿನ ಆಳದಲ್ಲಿ ಶೇ 1.0. ಆದ್ದರಿಂದ ಆ ಏಳು ಕಂಬಗಳಲ್ಲಿ 4 ಅಡಿಯವರೆಗಿನ ಒಳಮೈ ಕಾಂಕ್ರೀಟನ್ನು ಸಳಿಯ ಹಿಂದಿನವರೆಗೂ ತೆಗೆಯಲೇಬೇಕು. ಉಳಿದ ಹದಿನೇಳನ್ನು ಮುಟ್ಟುವ ಕಾರಣ ನನಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಹಾಗೆಯೇ ಠರಾವು ಮಾಡಿದ್ದೇವೆ. ಏಳು ಕಂಬಗಳಿಗೆ ಹೊಸ ರಿಂಗು ಹಾಕಿ ಜಾಕೆಟ್ (ಸುತ್ತಲೂ ಹೊಸ ಕಾಂಕ್ರೀಟಿನ ಹೊದಿಕೆ) ಮಾಡುವ ವಿನ್ಯಾಸವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮಾಡಿಸುತ್ತಿದ್ದೇವೆ. ಪೊಟ್ಯಾಷ್ ಚೀಲಗಳು ಈಗ ಕಟ್ಟಿಗೆಯ ಹಲಗೆಗಳ ಮೇಲೆ, ಕಂಬಗಳಿಂದ ಮೂರು ಅಡಿ ದೂರದಲ್ಲಿವೆ. ಅಳತೆ ತೆಗೆದ ಪ್ರತಿ ಜಾಗಕ್ಕೂ ಬಣ್ಣದ ಗುರುತು ಹಾಕಿ, ಕಂಬದ ಸಂಖ್ಯೆ, ಎತ್ತರ, ಎಲೆಕ್ಟ್ರೋಡಿನ ಹೆಸರು ಮತ್ತು ತಿಂಗಳನ್ನು ಸಂಘದ ದಾಸ್ತಾನು ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ಮಳೆಗಾಲದಲ್ಲಿ ಅದೇ ತಿಂಗಳು, ಅದೇ ಗುರುತುಗಳ ಮೇಲೆ ಮತ್ತೆ ಅಳೆಯಲಾಗುವುದು.